ನಿಮಗೆ ಸ್ಕೂಟರ್ ಬಂದಿದೆ, ಬೈಯಬೇಡಿ

ಹೋದ ಭಾನುವಾರ ಹರಪನಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಫೋನ್ ಮಾಡಿ, ‘ನಿಮಗೆ ಸ್ಕೂಟರ್ ಬಹುಮಾನ ಬಂದಿದೆ’ ಎಂದೆ. ಆಕೆ ನನಗೆ ಬೈದಳು. ಎಂಥ ಬೈಗುಳ ಅಂತೀರಿ? ಅರ್ಧ ನನಗೆ ಅರ್ಥವಾಗಲಿಲ್ಲ. ಇನ್ನರ್ಧ ಚೆನ್ನಾಗಿ ಅರ್ಥವಾಯಿತು, ಹಾಗಾಗಿ ಅದನ್ನಿಲ್ಲಿ ಬರೆಯುವ ಹಾಗಿಲ್ಲ.

(ನಮ್ಮ ಸಂಪಾದಕರು ಒಳ್ಳೆಯವರು. ಆದರೆ ಅಷ್ಟು ಒಳ್ಳೆಯವರಲ್ಲ.)

ಬರೆಯಬಹುದಾದದ್ದು ಇಷ್ಟು: ‘ಹೆಣ್ಣುಮಗಳಾಗಿ ಇಂಥ ದಂಧೆ ಮಾಡ್ತೀಯಲ್ಲೇ, ನಿನಗೆ ಮನೆ ಮಠ ಇಲ್ವೇನೇ? ಈಗ ಓಟಿಪಿ ಕೇಳ್ತೀಯ, ಹೌದಿಲ್ಲೋ? ಇಡು ಫೋನು!’

ನಾನಿಡಲಿಲ್ಲ. ಆಕೆಯೇ ಇಟ್ಟಳು. ಮತ್ತೆ ಮಾಡಿದೆ, ಹೋಗಲಿಲ್ಲ. ನನ್ನನ್ನು ಬ್ಲಾಕ್ ಮಾಡಿದ್ದಳು. ಕೊಟ್ಟೂರಿನ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿದ್ದೇನೆ. ಹಿಂದಿನ ಬೆಂಚಿನವರೂ ನನಗೆ ಇಂಥ ಮರ್ಯಾದೆ ಮಾಡಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಹಗರಿಬೊಮ್ಮನಹಳ್ಳಿಯಲ್ಲಿ ಗುರುಬಸಣ್ಣ ಅಂತ ಇದ್ದಾರೆ. ನಮ್ಮ ಯಜಮಾನರ ಗೆಳೆಯರು. ಚಹಾ ಪುಡಿಯ ವ್ಯಾಪಾರ. ಬೇರೆ ಬೇರೆ ಕಡೆಯಿಂದ ಪುಡಿ ತರಿಸಿ, ತಾವೇ ಬೆರೆಸಿ, ಪ್ಯಾಕೆಟ್ ಮಾಡಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಅಂಗಡಿಗಳಿಗೆಲ್ಲ ಹಾಕುತ್ತಾರೆ. (ಪ್ಯಾಕೆಟ್ ಮೇಲಿನ ಹೆಸರು ಬರೆಯುವುದಿಲ್ಲ. ಬರೆದರೆ ಜಾಹೀರಾತು ವಿಭಾಗದವರು ನನ್ನ ಸಂಭಾವನೆಯಲ್ಲೇ ಹಿಡಿದುಕೊಳ್ಳುತ್ತಾರೆ.) ಈ ವರ್ಷ ವ್ಯಾಪಾರ ಸ್ವಲ್ಪ ಮಂಕಾಗಿತ್ತು. ಅದಕ್ಕೆ ಒಂದು ಸ್ಪರ್ಧೆ ಇಟ್ಟರು. ಪ್ರತಿ ಪ್ಯಾಕೆಟ್ಟಿನಲ್ಲೂ ಒಂದು ಕೂಪನ್. ಹೆಸರು, ಊರು, ಫೋನ್ ನಂಬರ್ ಬರೆದು ಅಂಗಡಿಯ ಡಬ್ಬಿಗೆ ಹಾಕಬೇಕು. ಚೀಟಿ ಎತ್ತಿದಾಗ ಹೆಸರು ಬಂದವರಿಗೆ ಹೊಸ ಸ್ಕೂಟರ್.

ಅವರಿಗೊಬ್ಬ ವಕೀಲ ಮಿತ್ರರು. ‘ಕೊಂಡವರಿಗಷ್ಟೇ ಅಂದ್ರ ಅದು ಲಾಟರಿ ಆಗತೈತಿ, ನಾಳೆ ತಲಿನೋವು. ಕೊಳ್ಳದವರೂ ಪೋಸ್ಟಿನಾಗ ಹೆಸರು ಕಳಿಸಬಹುದು ಅಂತ ಒಂದು ಸಾಲು ಹಾಕ್ಕೊಂಡುಬಿಡು’ ಎಂದರಂತೆ. ಗುರುಬಸಣ್ಣ ಹಾಕಿಸಿದರು. ಪ್ಯಾಕೆಟ್ಟಿನ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಯಾರು ಓದುತ್ತಾರೆ ಎಂಬ ಧೈರ್ಯ.

ನಮ್ಮ ಜನ ಯಾವುದನ್ನು ಓದುವುದಿಲ್ಲವೋ ಗೊತ್ತಿಲ್ಲ. ಪುಕ್ಕಟೆ ಎಂದು ಬರೆದಿದ್ದರೆ ಮಾತ್ರ ಕತ್ತಲಲ್ಲೂ ಓದುತ್ತಾರೆ.

ಒಂದು ದಿನ ಗುರುಬಸಣ್ಣ ಮನೆಗೆ ಬಂದರು. ‘ಅಕ್ಕಾರ, ಭಾನುವಾರ ನೀವು ಬಂದು ಚೀಟಿ ಎತ್ತಬೇಕು.’

‘ನಾ ಯಾಕ್ರಿ?’

‘ನೀವು ಪೇಪರಿನಾಗ ಬರೀತೀರಿ. ಜನ ನಂಬತಾರ.’

‘ನಾ ಬರದದ್ದನ್ನ ನಮ್ಮ ಮನಿಯವರ ನಂಬಂಗಿಲ್ಲ’ ಎಂದೆ. ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ ಹೌದೆಂದು ತಲೆಯಾಡಿಸಿದರು. ಆದರೂ ಒಪ್ಪಿಕೊಂಡೆ. ಕಣ್ಣು ಮುಚ್ಚುವುದು, ಕೈ ಹಾಕುವುದು, ಒಂದು ಚೀಟಿ ಎತ್ತುವುದು. ಇದಕ್ಕೇನು ಮಹಾ ವಿದ್ಯೆ ಬೇಕು?

ಒಪ್ಪಿಕೊಂಡ ಸುದ್ದಿ ಹಡಗಲಿಗೆ ನನಗಿಂತ ಮೊದಲೇ ಮುಟ್ಟಿತು. ಹಡಗಲಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ, ಗಂಗತ್ತೆ. ಮಲ್ಲಿಗೆ ವ್ಯಾಪಾರ. ತೋಟದವರಿಂದ ಮೊಗ್ಗು ಕೊಂಡು, ಕಟ್ಟಿಸಿ, ಬಸ್ಸಿಗೆ ಹಾಕಿ ಊರೂರಿಗೆ ಕಳಿಸುತ್ತಾಳೆ. ಬಸ್ ಕಂಡಕ್ಟರುಗಳು ಈ ಭಾಗದಲ್ಲಿ ಹೆದರುವುದು ಇಬ್ಬರಿಗೆ: ಡಿಪೋ ಮ್ಯಾನೇಜರಿಗೆ ಮತ್ತು ಗಂಗತ್ತೆಗೆ. ಮ್ಯಾನೇಜರಿಗೆ ಸ್ವಲ್ಪ ಕಡಿಮೆ.

‘ಏನವಾ, ಚೀಟಿ ಎತ್ತಾಕಿ ನೀನ ಅಂತಲ್ಲ?’ ಎಂದಳು ಫೋನಿನಲ್ಲಿ.

‘ಹೌದತ್ತಿ.’

‘ನಾನೂ ಒಂದು ಲಕೋಟಿ ಹಾಕೀನಿ. ಒಳಗ ಒಂದು ಮಾರು ಮಲ್ಲಿಗಿ ಇಟ್ಟೀನಿ. ಕೈ ಹಾಕಿದಾಗ ವಾಸನಿ ಬಂತಂದ್ರ...’ ಎಂದು ನಿಲ್ಲಿಸಿದಳು.

‘ಬಂತಂದ್ರ?’

‘ನಿನಗ ಬುದ್ಧಿ ಐತಿ ಅಂತ ತಿಳಕೊಂಡೀನಿ’ ಎಂದು ಫೋನಿಟ್ಟಳು.

ಗಂಗತ್ತೆ ಕೆಟ್ಟವಳಲ್ಲ. ನ್ಯಾಯ ಅಂದರೆ ಆಕೆಗೆ ಬಹಳ ಇಷ್ಟ. ತೂಕದಲ್ಲಿ ಒಂದು ಎಳೆ ಹೂವು ಕಡಿಮೆಯಾದರೂ ಸಂತೆ ಸೇರಿಸುತ್ತಾಳೆ. ಆದರೆ ಸೋದರ ಸೊಸೆಯೇ ಚೀಟಿ ಎತ್ತುವಾಗ ಒಂದಿಷ್ಟು ನ್ಯಾಯ ತನ್ನ ಕಡೆ ವಾಲಿದರೆ ಅದನ್ನು ಅನ್ಯಾಯ ಅಂತ ಯಾರು ಅನ್ನುತ್ತಾರೆ? ನೀವಾದರೂ ಅನ್ನುತ್ತೀರಾ? ಎದೆ ಮುಟ್ಟಿ ಹೇಳಿ.

ಭಾನುವಾರ ಬೆಳಿಗ್ಗೆ ಹೋದೆ. ಬಸ್ ನಿಲ್ದಾಣದ ಹತ್ತಿರ ಗುರುಬಸಣ್ಣನ ಅಂಗಡಿ. ಮುಂದೆ ಶಾಮಿಯಾನ, ಮೈಕು, ಹಾರ ಹಾಕಿಸಿಕೊಂಡು ಮದುವೆ ಗಂಡಿನಂತೆ ನಿಂತ ಸ್ಕೂಟರ್. ಪಕ್ಕದಲ್ಲಿ ಹಿಡಿ ತಿರುಗಿಸುವ ಒಂದು ದೊಡ್ಡ ಡ್ರಮ್ಮು, ಅದರ ತುಂಬ ಕೂಪನ್. ಜನ ಆಗಲೇ ಸೇರಿದ್ದರು. ‘ಇನ್ನೂ ಟೈಮ್ ಐತಿ, ಒಳಗ ಬಂದು ಚಾ ಕುಡೀರಿ’ ಎಂದು ಗುರುಬಸಣ್ಣ ಗೋದಾಮಿಗೆ ಕರೆದೊಯ್ದರು. ಕುರ್ಚಿ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಒಂದು ಚೀಲದ ಮೇಲೆ ಕೂತೆ.

ಚೀಲ ಚರಚರ ಎಂದಿತು.

ಚಹಾ ಪುಡಿ ಚರಚರ ಅನ್ನುತ್ತದೆಯೇ? ಎದ್ದು ಬಾಯಿ ಬಿಚ್ಚಿ ನೋಡಿದೆ. ಲಕೋಟೆಗಳು. ಪಕ್ಕದ ಚೀಲದಲ್ಲೂ ಲಕೋಟೆ. ಅದರಾಚೆಯ ಚೀಲದಲ್ಲೂ. ಒಂದನ್ನೂ ಒಡೆದಿರಲಿಲ್ಲ.

‘ಗುರುಬಸಣ್ಣ, ಇವು?’

ಅವರು ಕುತ್ತಿಗೆ ಕೆರೆದುಕೊಂಡರು. ‘ಅವು ಪುಕ್ಕಟಿ ಗಿರಾಕಿಗಳವು ಅಕ್ಕಾರ. ಪೋಸ್ಟಿನಾಗ ಬಂದಾವು.’

‘ಡ್ರಮ್ಮಿನಾಗ ಯಾಕ ಇಲ್ಲ?’

‘ನೀವ ಹೇಳ್ರಿ. ದಿನಾ ಬೆಳಿಗ್ಗಿ ನನ್ನ ಚಾ ಕುಡಿಯೋರು ಒಂದು ಕಡಿ. ಬರೇ ಸ್ಟಾಂಪಿಗೆ ಉಗುಳು ಹಚ್ಚಿದೋರು ಒಂದು ಕಡಿ. ಇಬ್ಬರಿಗೂ ಒಂದ ತಕ್ಕಡಿ ಅಂದ್ರ ಹೆಂಗ?’

ಮಾತಿನಲ್ಲಿ ಹುರುಳಿತ್ತು, ಸುಳ್ಳು ಹೇಳುವುದಿಲ್ಲ. ‘ಮತ್ತ ಆ ಸಾಲು ಯಾಕ ಅಚ್ಚು ಹಾಕಿಸಿದ್ರಿ?’ ಎಂದೆ.

‘ವಕೀಲರು ಹೇಳಿದ್ರು ಅಂತ.’

‘ವಕೀಲರು ಹೇಳಿದ್ದು ಈ ಮಂದಿಗೆ ಗೊತ್ತಿಲ್ಲ. ನೀವು ಹೇಳಿದ್ದು ಗೊತ್ತೈತಿ. ನಿಮ್ಮ ಮಾತು ನಂಬಿ ಪೋಸ್ಟ್ ಆಫೀಸಿಗೆ ಹೋಗ್ಯಾರ.’

ಹೊರಗಡೆ ಮೈಕಿನವನು ನನ್ನ ಹೆಸರನ್ನು ‘ಖ್ಯಾತ, ಪ್ರಖ್ಯಾತ, ಸುವಿಖ್ಯಾತ’ ಎಂದು ಕೂಗುತ್ತಿದ್ದ. ಇಷ್ಟೆಲ್ಲ ಖ್ಯಾತಿ ಬಂದದ್ದು ಮೂರು ಚೀಲ ಜನರನ್ನು ಕತ್ತಲಲ್ಲಿ ಕೂರಿಸಿ ಒಂದು ಚೀಟಿ ಎತ್ತುವುದಕ್ಕೇ? ‘ಇವು ಡ್ರಮ್ಮಿಗೆ ಬೀಳದ ನಾ ಕೈ ಹಾಕಂಗಿಲ್ಲ’ ಎಂದೆ. ಹಾಗೆ ಹೇಳುವಾಗ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಬರೆಯುವವರಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ.

ಹೆಮ್ಮೆ ಹೆಚ್ಚು ಹೊತ್ತು ಬಾಳಲಿಲ್ಲ.

ಲಕೋಟೆಗಳನ್ನು ತಂದು ಡ್ರಮ್ಮಿಗೆ ಸುರಿದು ತಿರುಗಿಸಿದರು. ಪರೀಕ್ಷೆಗೆಂದು ಕೈ ಹಾಕಿದೆ. ಲಕೋಟೆ ಸಿಕ್ಕಿತು. ಇನ್ನೊಮ್ಮೆ ಹಾಕಿದೆ, ಮತ್ತೆ ಲಕೋಟೆ. ಕೂಪನ್‌ಗಳು ಬಸ್ ಟಿಕೆಟ್ಟಿನಷ್ಟು ಸಣ್ಣವು, ಜಾರಿ ತಳ ಸೇರಿದ್ದವು. ಎಷ್ಟು ಸಲ ಕೈ ಹಾಕಿದರೂ ಅಂಗೈಗೆ ಬರುತ್ತಿದ್ದದ್ದು ಲಕೋಟೆಯೇ.

ಗುರುಬಸಣ್ಣ ನನ್ನನ್ನೇ ನೋಡಿದರು. ‘ಈಗ ಕೊಂಡವರಿಗೆ ಮೋಸ ಆತಲ್ರಿ ಅಕ್ಕಾರ. ಇದಕ್ಕೇನಂತೀರಿ?’

ಏನನ್ನಲಿ? ನ್ಯಾಯ ಮಾಡುತ್ತೇನೆಂದು ಹೊರಟವರು ಆ ಕಡೆಯ ಅನ್ಯಾಯವನ್ನು ಎತ್ತಿ ಈ ಕಡೆ ಇಡುವುದು ನಮ್ಮಲ್ಲಿ ಹೊಸದಲ್ಲ. ನಾನೂ ಆ ಸಾಲಿಗೆ ಸೇರಿದ್ದೆ.

ಕೊನೆಗೆ ಉಳಿದದ್ದು ಒಂದೇ ದಾರಿ. ಲಕೋಟೆಗಳನ್ನೆಲ್ಲ ಒಡೆಯುವುದು, ಒಳಗಿನ ಹೆಸರು, ಊರು, ಫೋನ್ ನಂಬರನ್ನು ಅದೇ ಅಳತೆಯ ಕೂಪನ್ನಿಗೆ ಇಳಿಸುವುದು, ಎಲ್ಲವನ್ನೂ ಒಂದೇ ತೆರನಾಗಿ ಮಡಿಸಿ ಹಾಕುವುದು. ಪ್ಯಾಕಿಂಗಿನ ಹೆಣ್ಣುಮಕ್ಕಳು ಗೋದಾಮಿನಲ್ಲಿ ಸಾಲಾಗಿ ಕೂತರು. ಮೈಕಿನವನು ‘ಮಧ್ಯಾಹ್ನದ ಮೇಲೆ ಡ್ರಾ’ ಎಂದು ಕೂಗಿದ. ಜನ ಗೊಣಗಿದರು. ಆದರೆ ಹೋಗಲಿಲ್ಲ. ಸ್ಕೂಟರ್ ಅಲ್ಲೇ ಇತ್ತಲ್ಲ!

ಲಕೋಟೆಗಳಿಂದ ಏನೇನು ಬಂತು ಅಂತೀರಿ. ಕುಂಕುಮ. ದೇವರ ಭಂಡಾರದ ಅರಿಶಿನ. ಪಾಸ್‌ಪೋರ್ಟ್ ಅಳತೆಯ ಫೋಟೋ. ಒಬ್ಬರ ಜಾತಕ. ಕೋಗಳಿಯ ಒಬ್ಬರು ಬೇಕಾದ ಸ್ಕೂಟರಿನ ಚಿತ್ರ ಬರೆದು, ಬಣ್ಣ ತುಂಬಿ, ‘ನೀಲಿ ಇದ್ದರೆ ಉತ್ತಮ’ ಎಂದಿದ್ದರು. ಗುರುಬಸಣ್ಣ ಒಂದೊಂದನ್ನೂ ನೋಡಿ ನಗುತ್ತಿದ್ದರು. ಗುಡೇಕೋಟೆಯಿಂದ ಬಂದ ಒಂದನ್ನು ಓದಿದವರು ನಗಲಿಲ್ಲ. ನನ್ನ ಕೈಗೆ ಕೊಟ್ಟರು. ಹೆಸರು, ಊರು, ಕೆಳಗೆ ಒಂದೇ ಸಾಲು: ‘ಬಹುಮಾನ ಬಾರದಿದ್ದರೂ ಅಡ್ಡಿಯಿಲ್ಲ, ಕಾಗದ ಮುಟ್ಟಿತು ಅಂತ ಒಂದು ಮಾತು ತಿಳಿಸಿರಿ.’

ಗುರುಬಸಣ್ಣ ಅಂಗಿಯ ತೋಳು ಮಡಿಸಿಕೊಂಡು ಹೆಣ್ಣುಮಕ್ಕಳ ಸಾಲಿನಲ್ಲೇ ಕೂತುಬಿಟ್ಟರು. ‘ಕೊಡವಾ ಇತ್ಲಾಗ ಒಂದಿಷ್ಟು, ನಾನೂ ಬರೀತೀನಿ’ ಎಂದರು.

ಅಷ್ಟರಲ್ಲಿ ಒಬ್ಬಾಕೆ ‘ಅಯ್ಯ, ಇದೇನ್ರೀ ಇದು!’ ಎಂದಳು. ಒಂದು ದಪ್ಪ ಲಕೋಟೆ. ಒಳಗೆ ಒಣಗಿ ಕಂದಾದ ಮಲ್ಲಿಗೆ ಮಾಲೆ, ಜೊತೆಗೆ ಒಂದು ಚೀಟಿ. ಆಕೆ ಎಲ್ಲರಿಗೂ ಕೇಳುವಂತೆ ಓದಿದಳು: ‘ಗುರುತು ಸಿಕ್ತಿಲ್ಲೋ? ನಿಮ್ಮತ್ತಿ.’

ಎಲ್ಲರೂ ಯಾರ ಅತ್ತೆ ಎಂದು ಹುಡುಕುತ್ತಿದ್ದರು. ನನ್ನ ಮುಖ ನೋಡಿದ ಮೇಲೆ ಹುಡುಕುವುದನ್ನು ಬಿಟ್ಟರು.

‘ಇದನ್ನೇನು ಮಾಡೋಣ್ರಿ?’ ಎಂದರು ಗುರುಬಸಣ್ಣ. ಗಂಭೀರವಾಗಿಯೇ ಕೇಳಿದರು, ಆದರೆ ಮೀಸೆ ಕುಣಿಯುತ್ತಿತ್ತು.

ತೆಗೆದು ಬಿಸಾಡಬಹುದಿತ್ತು. ಆದರೆ ಅತ್ತೆ ಮಾಡಿದ ತಪ್ಪೇನು? ಅಂಚೆಯಲ್ಲಿ ಹೆಸರು ಕಳಿಸಿದ್ದಾಳೆ, ಎಲ್ಲರ ಹಾಗೆ. ಅವಳಿಗೆ ನಾನು ಸೊಸೆಯಾದದ್ದು ಅವಳ ತಪ್ಪಲ್ಲ. ಅತ್ತೆಯ ಹೆಸರು ಡ್ರಮ್ಮಿನ ಒಳಗಿರಬೇಕೆಂದರೆ ನಾನು ಹೊರಗಿರಬೇಕು. ‘ಅವರ ಹೆಸರೂ ಬರದು ಹಾಕ್ರಿ. ಚೀಟಿ ಮಾತ್ರ ನಾ ಎತ್ತಂಗಿಲ್ಲ, ಬ್ಯಾರೆ ಯಾರನ್ನಾದ್ರೂ ಕರೀರಿ’ ಎಂದೆ.

ಯಾರನ್ನು ಕರೆಯುವುದು? ಅಲ್ಲಿದ್ದವರೆಲ್ಲ ಕೂಪನ್ ಹಾಕಿದವರೇ. ಬಸ್ ನಿಲ್ದಾಣಕ್ಕೆ ಹೋಗಿ, ಸ್ಪರ್ಧೆಯ ಸುದ್ದಿಯೇ ಗೊತ್ತಿಲ್ಲದ, ಹೊಸಪೇಟೆಯ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹಿರಿಯರನ್ನು ಕರೆತಂದರು. ‘ಬಸ್ ಬಂತಂದ್ರ ನಾ ನಿಲ್ಲಂಗಿಲ್ರಿ ಮತ್ತ’ ಎಂದು ಮೊದಲೇ ಕರಾರು ಮಾಡಿಕೊಂಡರು. ಕಣ್ಣಿಗೆ ಬಟ್ಟೆ ಕಟ್ಟಿದೆವು. ಡ್ರಮ್ಮು ತಿರುಗಿತು. ಅವರು ಕೈ ಹಾಕಿ ಒಂದು ಚೀಟಿ ಎತ್ತಿ, ಬಟ್ಟೆ ಬಿಚ್ಚಿಸಿಕೊಂಡು, ಯಾರಿಗೆ ಬಂತು ಅಂತಲೂ ಕೇಳದೆ ಬಸ್ಸಿಗೆ ಓಡಿದರು. ಇದಕ್ಕಿಂತ ನಿಷ್ಪಕ್ಷಪಾತಿಯನ್ನು ನಾನು ಕಂಡಿಲ್ಲ.

ಚೀಟಿಯಲ್ಲಿದ್ದ ಹೆಸರು ಉಚ್ಚಂಗಮ್ಮ. ಹರಪನಹಳ್ಳಿಯ ಆಚೆ ಒಂದು ಹಳ್ಳಿ. ಪ್ಯಾಕಿಂಗಿನವರ ಅಕ್ಷರ, ಅಂದರೆ ಅಂಚೆಯಲ್ಲಿ ಬಂದದ್ದು.

ಆಮೇಲೆ ನಾನು ಫೋನ್ ಮಾಡಿದ್ದು, ಆಕೆ ಬೈದದ್ದು ನಿಮಗೆ ಗೊತ್ತೇ ಇದೆ. ಗುರುಬಸಣ್ಣನೂ ತಮ್ಮ ಫೋನಿನಿಂದ ಮಾಡಿದರು. ಅವರಿಗೆ ಬಿದ್ದ ಬೈಗುಳ ನನ್ನದಕ್ಕಿಂತ ಉದ್ದವಿತ್ತು. ಅವರೂ ಬ್ಲಾಕ್ ಆದರು. ಆಗ ಅವರ ಮುಖದಲ್ಲಿ ಸಣ್ಣ ಆಸೆಯೊಂದು ಮಿಂಚಿತು. ‘ಬ್ಯಾಡ ಅಂದಂಗಾತಲ್ರಿ. ಇನ್ನೊಂದು ಚೀಟಿ ಎತ್ತಿಸೋಣೇನು?’

‘ಬ್ಯಾಡ ಅಂದಿಲ್ಲ. ಸುಳ್ಳು ಅಂದಾರ. ಅದು ಬ್ಯಾರೆ, ಇದು ಬ್ಯಾರೆ’ ಎಂದೆ.

ಸಂಜೆ ಗಂಗತ್ತೆಯ ಫೋನ್ ಬಂತು. ‘ಬ್ಯಾರೆಯವರ ಕೈಲೆ ಎತ್ತಿಸಿದಿ ಅಂತಲ್ಲ? ನಿನ್ನ ಕೈಗೇನಾಗಿತ್ತು? ನೀ ಸಣ್ಣಾಕಿದ್ದಾಗ ನಿನ್ನ ಜಡಿಗೆ ದಿನಾ ಯಾರ ಮಲ್ಲಿಗಿ ಮುಡಿಸಿದ್ದು?’ ಎಂದಳು. ಉತ್ತರ ಕೊಡುವುದರೊಳಗೆ ಇಟ್ಟಳು. ಅಂದಿನಿಂದ ನಮ್ಮ ಮನೆಗೆ ಬರುತ್ತಿದ್ದ ಹೂವೂ ನಿಂತಿದೆ. ಇರಲಿ.

ಮರುದಿನ ರಜೆ ಹಾಕಿ ಹೊರಟೆ. ಸಣ್ಣ ಟೆಂಪೋ, ಹಿಂದೆ ಹಾರದ ಸಮೇತ ಸ್ಕೂಟರ್, ಮುಂದೆ ಡ್ರೈವರ್, ನಾನು, ಗುರುಬಸಣ್ಣ. ಊರ ಬಾಗಿಲಿನ ಹೋಟೆಲಿನಲ್ಲಿ ಉಚ್ಚಂಗಮ್ಮನ ಮನೆ ಯಾವುದೆಂದು ಕೇಳಿದೆವು.

‘ಯಾವ ಉಚ್ಚಂಗಮ್ಮ? ಕಾರಮ್ಮನಾ?’ ಎಂದ ಹೋಟೆಲಿನವನು. ಕೂತಿದ್ದವರೆಲ್ಲ ನಕ್ಕರು.

ಕಾರಮ್ಮ ಯಾಕೆಂದರೆ, ಹಿಂದೊಮ್ಮೆ ಅವಳಿಗೆ ಹೀಗೇ ಫೋನ್ ಬಂದಿತ್ತಂತೆ, ‘ನಿಮಗೆ ಕಾರು ಬಂದಿದೆ’ ಎಂದು. ನಂಬಿದಳು. ಕಾರು ನಿಲ್ಲಿಸಲು ಜಾಗ ಬೇಕಲ್ಲ ಎಂದು ಮನೆ ಮುಂದಿನ ಸೌದೆ ಒಟ್ಟಿಲನ್ನು ಹಿತ್ತಿಲಿಗೆ ಸಾಗಿಸಿದಳು. ಓಣಿಗೆಲ್ಲ ಪೇಡೆ ಹಂಚಿದಳು. ಕಾರು ಬರಲಿಲ್ಲ. ಕರೆ ಮಾಡಿದವನಿಗೆ ಆಕೆ ಏನು ಕೊಟ್ಟಳೋ, ಎಷ್ಟು ಕಳೆದುಕೊಂಡಳೋ, ಯಾರಿಗೂ ಹೇಳಿಲ್ಲ. ಪೇಡೆ ಮಾತ್ರ ಎಲ್ಲರೂ ತಿಂದಿದ್ದರು. ತಿಂದವರೇ ಆ ಹೆಸರಿಟ್ಟದ್ದು.

ನನಗೆ ಬೈಗುಳದ ಅರ್ಥವಾಗದೆ ಉಳಿದಿದ್ದ ಅರ್ಧವೂ ಆಗ ಅರ್ಥವಾಯಿತು.

ಮನೆ ಮುಂದೆ ಟೆಂಪೋ ನಿಂತಿತು. ಒಳಗೆ ಹೊಲಿಗೆ ಯಂತ್ರದ ಸದ್ದು. ಸದ್ದು ನಿಂತು, ಕೊರಳಿಗೆ ಟೇಪು ಹಾಕಿಕೊಂಡ ಹೆಣ್ಣುಮಗಳು ಬಾಗಿಲಿಗೆ ಬಂದಳು. ಹಾರ ಹಾಕಿದ ಸ್ಕೂಟರ್ ನೋಡಿದಳು. ನಮ್ಮ ಹಿಂದೆಯೇ ಬಂದ ಹೋಟೆಲಿನ ಜನರನ್ನೂ ನೋಡಿದಳು. ಮುಖ ಬಿಳಿಚಿತು. ಬಹುಮಾನ ಬಂದವರ ಮುಖ ಹಾಗಿರುವುದಿಲ್ಲ.

‘ಯಾರು ಕಳಿಸಿದ್ರು ನಿಮ್ಮನ್ನ? ಈ ಊರಾಗೆ ನಕ್ಕಿದ್ದು ಸಾಲದಾತಾ?’ ಎಂದಳು.

ನಾನು ಮುಂದೆ ಹೋಗಿ ಹೆಸರು ಹೇಳಿದೆ. ಆಕೆ ಕಣ್ಣು ಕಿರಿದು ಮಾಡಿದಳು. ‘ನಿನ್ನೆ ಫೋನ್ ಮಾಡಿದಾಕೆ ನೀನೇನಾ?’

‘ನಾನ. ಬೈಸಿಕೊಂಡಾಕಿ.’

‘ಎಷ್ಟು ಕಟ್ಟಬೇಕು?’

‘ಏನೂ ಇಲ್ಲವಾ.’

‘ಓಟಿಪಿ?’

‘ಬ್ಯಾಡ.’

ಆಗ ಗುರುಬಸಣ್ಣ ಸುಮ್ಮನಿರಬಾರದಿತ್ತೇ? ‘ಗಾಡಿ ನಿಮ್ಮ ಹೆಸರಿಗೆ ಬರಸಾಕ ಆಧಾರ್ ಕಾರ್ಡೊಂದು ಬೇಕಾಗತೈತಿ ನೋಡ್ರಿ’ ಎಂದರು.

‘ಬಂತಲ್ಲ ಈಗ!’ ಎಂದು ಆಕೆ ಬಾಗಿಲು ಹಾಕಿಕೊಂಡಳು.

ಮುಚ್ಚಿದ ಬಾಗಿಲಿನ ಮುಂದೆ ನಿಂತು ನಾವು ಬೇಡಿಕೊಂಡದ್ದನ್ನು ವರ್ಣಿಸುವುದಿಲ್ಲ. ಸಾಲ ಕೇಳಲು ಹೋದವರೂ ಅಷ್ಟು ಬೇಡುವುದಿಲ್ಲ. ಕೊನೆಗೆ ಗುರುಬಸಣ್ಣ ಸ್ಕೂಟರ್ ಇಳಿಸಿ, ಕೀಲಿಯನ್ನು ಕಿಟಕಿಯ ಸರಳಿನ ನಡುವೆ ಒಳಗಿಟ್ಟರು. ‘ಗಾಡಿ ನಿಮ್ಮ ಅಂಗಳದಾಗ ಐತಿ. ಕೀಲಿ ನಿಮ್ಮ ಮನ್ಯಾಗ ಐತಿ. ಕಾಗದಾನ ನನ್ನ ಕೈಗೆ ಕೊಡಬ್ಯಾಡ್ರಿ. ನಿಮ್ಮ ಕಡಿಯವರನ್ನ ಕರಕೊಂಡು ಶೋರೂಮಿಗೆ ಬರ್ರಿ, ನಿಮ್ಮ ಕೈಯಾರೆ ಅಲ್ಲೇ ಕೊಡ್ರಿ’ ಎಂದರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಆಕೆ ಸ್ಕೂಟರಿನ ಸುತ್ತ ಒಂದು ಸುತ್ತು ಬಂದಳು. ಕೀಲಿಯನ್ನು ಗುರುಬಸಣ್ಣನ ಕೈಗೆ ಕೊಟ್ಟು, ‘ಓಡ್ಸಿ ತೋರ್ಸ್ರಿ ನೋಡಾಣ’ ಎಂದಳು. ಅವರು ಓಣಿಯ ತುದಿಯವರೆಗೆ ಹೋಗಿ ಬಂದರು. ಹಾರ್ನ್ ಹೊಡೆದು ತೋರಿಸಿದರು. ದೀಪ ಹಾಕಿ ತೋರಿಸಿದರು. ಸೀಟು ಎತ್ತಿ ತೋರಿಸಿದರು. ಆಗ ಆಕೆ ಅದರ ಹ್ಯಾಂಡಲ್ ಮುಟ್ಟಿದಳು. ಕೈ ತೆಗೆಯಲಿಲ್ಲ.

‘ಒಳಗೆ ಬರ್ರಿ, ಚಾ ಮಾಡ್ತೀನಿ’ ಎಂದಳು.

ಗುರುಬಸಣ್ಣ ಒಂದು ಗುಟುಕು ಕುಡಿದವರು ಲೋಟವನ್ನೇ ನೋಡುತ್ತ ಕೂತರು. ‘ಯಾವ ಪುಡೀರಿ ಇದು?’

ಆಕೆ ಬೇರೆ ಕಂಪನಿಯ ಹೆಸರು ಹೇಳಿದಳು. ‘ನಿಮ್ಮದನ್ನ ಪಕ್ಕದ ಮನೆಯಾಕಿ ತರ್ತಾಳೆ. ಅವಳ ಪ್ಯಾಕೆಟ್ ಮೇಲೆ ಆ ಸಣ್ಣ ಸಾಲು ಓದಿ ಲಕೋಟೆ ಹಾಕ್ದೆ. ಕುಡಿದೂ ನೋಡಿದೀನಿ. ಬಣ್ಣ ಚೆನ್ನಾಗಿ ಬರ್ತೈತೆ.’

‘ರುಚಿ?’

‘ಬಣ್ಣ ಚೆನ್ನಾಗಿ ಬರ್ತೈತೆ’ ಎಂದಳು ಮತ್ತೆ.

ನಾನು ತಲೆಯೆತ್ತಿ ಮನೆಯ ಮಾಡು ನೋಡಿದೆ. ಗುರುಬಸಣ್ಣ ಉಳಿದ ಚಹಾವನ್ನು ಔಷಧಿಯಂತೆ ಒಂದೇ ಸಲಕ್ಕೆ ಕುಡಿದರು.

ಅಷ್ಟೊತ್ತಿಗೆ ಅಂಗಳದ ತುಂಬ ಓಣಿಯವರು. ‘ಏನ್ ಉಚ್ಚಂಗಮ್ಮ, ಪೇಡೆ ಎಲ್ಲಿ?’ ಎಂದಳೊಬ್ಬಳು. ಕಾರಮ್ಮ ಅನ್ನಲಿಲ್ಲ, ಗಮನಿಸಿದೆ.

ಉಚ್ಚಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ‘ಹೋದ ಸಲ ತಿಂದ್ರಲ್ಲ. ಅದು ಇದಕ್ಕೇ’ ಎಂದಳು.

ಮೊದಲು ನಕ್ಕವಳೂ ಆಕೆಯೇ. ಬಾಗಿಲಲ್ಲಿ ನಮ್ಮನ್ನು ನೋಡಿ ಬಿಳಿಚಿದ್ದ ಮುಖ ಇದೇನಾ ಅನ್ನಿಸುವಂಥ ನಗು. ಅದನ್ನು ನೋಡಿ ಗುರುಬಸಣ್ಣನೂ ನಕ್ಕರು. ಚಹಾದ ನೋವು ಸ್ವಲ್ಪ ಇಳಿದಿರಬೇಕು.

ಹೊರಟಾಗ ಟೆಂಪೋದವರೆಗೆ ಬಂದಳು. ನನ್ನ ಕೈ ಹಿಡಿದು, ಬೇರೆಯವರಿಗೆ ಕೇಳಿಸದ ಹಾಗೆ, ‘ಅಕ್ಕ, ಒಂದು ಮಾತು. ಅಷ್ಟು ಜನದಾಗೆ ನನ್ನ ಹೆಸರೇ ಯಾಕ್ ಬಂತು?’ ಎಂದಳು.

ಭಾನುವಾರದಿಂದ ಐದು ತಾಲ್ಲೂಕಿನ ಜನ ನನ್ನನ್ನು ಕೇಳುತ್ತಿದ್ದದ್ದು ‘ನಮ್ಮದು ಯಾಕೆ ಬರಲಿಲ್ಲ’ ಎಂದು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಇದಕ್ಕೆ ಇರಲಿಲ್ಲ.

‘ಯಾಕೂ ಇಲ್ಲವಾ. ಸುಮ್ಮನ ಬಂತು’ ಎಂದೆ.

ಆಕೆ ತಲೆಯಾಡಿಸಿದಳು. ಒಪ್ಪಿದ ತಲೆಯಾಟವಲ್ಲ ಅದು. ಇನ್ನೂ ಏನೋ ಹೇಳುತ್ತೇನೆಂದು ಕಾದಳು, ಟೆಂಪೋ ಹೊರಡುವವರೆಗೂ ಕಾದಳು.

ಮೋಸ ಬಾಗಿಲಿಗೆ ಬಂದರೆ ಹೆಸರು ಕೇಳದೆ ಒಳಗೆ ಕರೆಯುವ ನಾವು, ನ್ಯಾಯ ಬಂದಾಗ ಮಾತ್ರ ಆಧಾರ್ ಕಾರ್ಡ್ ತೋರಿಸು ಅನ್ನುತ್ತೇವಲ್ಲ, ಯಾಕೆ?